ಕಾಂಪೌಂಡರನ ಕೈಗುಣ

ಮಾರ್ಚ್ ೪, ಸೋಮವಾರ

ನಾನು ಬಂದಿಳಿದೆ, ಸೂಟ್‌ಕೇಸು ಬರಲಿಲ್ಲ. ಕೊಲೆಗಾರನನ್ನು ಹಿಡಿಯಲು ಸಮುದ್ರ ದಾಟಿ ಬಂದ ಇನ್ಸ್‌ಪೆಕ್ಟರನ ಚಡ್ಡಿ ಬನಿಯನ್ನುಗಳು ಬೇರಾವುದೋ ದೇಶ ನೋಡಲು ಹೋಗಿವೆ. ಒಳ್ಳೆಯ ಆರಂಭ.

ಸಾಹೇಬರಿಗೆ ಕಳಿಸುವ ವರದಿ ಬೇರೆ, ಅದರಲ್ಲಿ 'ತನಿಖೆ ಪ್ರಗತಿಯಲ್ಲಿದೆ' ಎಂದಿರುತ್ತದೆ. ಇದು ನನ್ನ ಪಾಡಿಗೆ ನಾನು ಬರೆದುಕೊಳ್ಳುವುದು. ಇಲ್ಲಿನ ಭಾಷೆ ನನಗೆ ಅರೆಬರೆ. ಇಲ್ಲಿಯವರು ಆಡಿದ್ದನ್ನು ನಮ್ಮ ಮಾತಿಗೆ ಇಳಿಸಿಕೊಂಡೇ ಬರೆಯುತ್ತೇನೆ, ಇಲ್ಲದಿದ್ದರೆ ಬೈಗುಳದ ರುಚಿ ಸಿಗುವುದಿಲ್ಲ.

ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿ. ಮಂಚದ ನಡುವೆ ಹಳ್ಳ ಬಿದ್ದಿದೆ. ಹಿಂದೆ ಇದ್ದವರೆಲ್ಲ ಒಂದೇ ಜಾಗದಲ್ಲಿ ಮಲಗಿ ಹೋಗಿದ್ದಾರೆ. ಮನೆಯ ಒಡತಿ ಒಬ್ಬ ಅಜ್ಜಿ. ಆಯುಷ್ಯವೆಲ್ಲ ಬಸ್ಸು ಓಡಿಸಿದವಳಂತೆ, ಈಗಲೂ ಮನುಷ್ಯರನ್ನು ಹಾರ್ನ್ ಹೊಡೆದ ಹಾಗೇ ಮಾತಾಡಿಸುತ್ತಾಳೆ. ನಾನು ನೀರಿನ ಪಂಪು ಮಾರುವವನು ಎಂದು ಹೇಳಿಕೊಂಡೆ.

"ಪಂಪಾ? ಒಳ್ಳೇದಾಯ್ತು. ನೆಲಮಾಳಿಗೇಲಿ ಒಂದು ಕೆಟ್ಟು ಕೂತಿದೆ, ನೋಡಿಬಿಡು," ಎಂದಳು. ಸುಳ್ಳನ್ನು ಆರಿಸಿಕೊಳ್ಳುವಾಗ ಸ್ವಲ್ಪ ಯೋಚಿಸಬೇಕಿತ್ತು.

ಇನ್ನು ಅವನ ವಿಷಯ. ಇಲಾಖೆಯಲ್ಲಿ ಅವನಿಗೆ ಕಾಂಪೌಂಡರ್ ಎಂದೇ ಹೆಸರು. ಯಾವುದೋ ಕ್ಲಿನಿಕ್ಕಿನಲ್ಲಿ ಕೆಲವು ತಿಂಗಳು ಮಾತ್ರೆ ಕಟ್ಟಿಕೊಟ್ಟವನು, ಆಮೇಲೆ ತಾನೇ ಡಾಕ್ಟರೆಂದು ಬೋರ್ಡು ಹಾಕಿಕೊಂಡ. ಜ್ವರಕ್ಕೂ ಅದೇ ಸೂಜಿ, ಕೆಮ್ಮಿಗೂ ಅದೇ ಸೂಜಿ. ನನ್ನ ಅತ್ತಿಗೆ ಸಣ್ಣ ಜ್ವರವೆಂದು ಹೋದಳು. ಒಳಗೆ ಅವಳು ಮತ್ತು ಅವನು, ಹೊರಗೆ ಬೆಂಚಿನ ಮೇಲೆ ಅಣ್ಣ. ಅತ್ತಿಗೆ ಎದ್ದು ಬರಲಿಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದವಳು ಅವಳು. ಅವನನ್ನು ಹಿಡಿದು ತಂದವನು ನಾನೇ, ವಿಚಾರಿಸಿದವನು ನಾನೇ, ಕೆನ್ನೆಗೆ ಬಾರಿಸಿದವನೂ ನಾನೇ. ವಕೀಲ ಹೇಳಿಕೊಟ್ಟ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂತ. ಜಾಮೀನು ಸಿಕ್ಕಿತು, ಮಾಯವಾದ. ಹದಿನೈದು ವರ್ಷವಾಯಿತು.

ಈಗ ಯಾರೋ ಪ್ರವಾಸಿಗರು ತೆಗೆದ ಫೋಟೊದಲ್ಲಿ, ಈ ಊರಿನ 'ಬೆನ್ನು ಮೂಳೆ ಆರೈಕೆ ಕೇಂದ್ರ'ವೊಂದರ ಬಾಗಿಲಲ್ಲಿ, ಅವನಂಥವನೊಬ್ಬ ನಿಂತಿದ್ದಾನೆ. ಅವನನ್ನು ಹತ್ತಿರದಿಂದ ನೋಡಿದವರಲ್ಲಿ ಇನ್ನೂ ಕೆಲಸದಲ್ಲಿರುವವನು ನಾನೊಬ್ಬನೇ. ಇಲ್ಲಿನ ಪೊಲೀಸರೆದುರು 'ಇವನೇ ಅವನು' ಎಂದು ನಾನು ಸಹಿ ಹಾಕಿದರೆ ಅವರು ಬಂಧಿಸುತ್ತಾರೆ. ಅಷ್ಟೇ ಕೆಲಸ.

ಅಣ್ಣ ವಿಮಾನ ನಿಲ್ದಾಣದ ತನಕ ಬಂದಿದ್ದ. "ಸಿಕ್ಕಿದ್ರೆ ಹೊಡೀಬೇಡ ಬಡೀಬೇಡ. ಒಂದೇ ಒಂದು ಮಾತು ಕೇಳು. ಅವಳು ಒಳಗೆ ಕೊನೇದಾಗಿ ಏನಂದ್ಲು? ಅದು ಅವನೊಬ್ಬನಿಗೇ ಗೊತ್ತಿರೋದು." ಕೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಮಾರ್ಚ್ ೬, ಬುಧವಾರ

ಕೇಂದ್ರದ ಎದುರಿಗೇ ಬಟ್ಟೆ ಒಗೆಯುವ ಅಂಗಡಿ. ಸಾಲಾಗಿ ಯಂತ್ರಗಳು, ಒಂದು ಬೆಂಚು, ದೊಡ್ಡ ಗಾಜಿನ ಕಿಟಕಿ. ಕಾವಲು ಕೂರಲು ಹೇಳಿ ಮಾಡಿಸಿದ ಜಾಗ. ತೊಂದರೆಯೆಂದರೆ ನನ್ನ ಹತ್ತಿರ ಇರುವುದು ಮೈಮೇಲಿನದೊಂದು ಅಂಗಿ, ನಿನ್ನೆ ಕೊಂಡದ್ದೊಂದು. ಅದನ್ನೇ ಒಗೆದು, ಒಣಗಿಸಿ, ಮತ್ತೆ ಒಗೆದೆ.

ಅಂಗಡಿಯವನು ಹತ್ತಿರ ಬಂದು, "ಏನು ಮಾರಾಯರೇ, ರಕ್ತಗಿಕ್ತ ಅಂಟಿತ್ತಾ?" ಎಂದ. ನಕ್ಕು ಇನ್ನೊಂದು ನಾಣ್ಯ ಹಾಕಿದೆ.

ಮಧ್ಯಾಹ್ನ ಕೇಂದ್ರದಿಂದ ಅವನು ಹೊರಗೆ ಬಂದ. ನನ್ನ ಕಾಂಪೌಂಡರ್ ಕಡ್ಡಿಯ ಹಾಗಿದ್ದ. ಇವನು ಮೂಟೆ. ಬಿಳಿ ಗಡ್ಡ, ದಪ್ಪ ಕನ್ನಡಕ, ಎದುರು ಬಂದವರಿಗೆಲ್ಲ ನಮಸ್ಕಾರ. ಮುಖ ನೋಡಿ ಹೇಳುವ ಹಾಗಿಲ್ಲ. ಆದರೆ ನನ್ನವನ ಎಡಗೈ ಕಿರುಬೆರಳು ಮಡಿಸಲು ಬರುತ್ತಿರಲಿಲ್ಲ. ವಿಚಾರಣೆಯಲ್ಲಿ ಟೀ ಲೋಟ ಹಿಡಿದರೆ ಅದೊಂದು ಬೆರಳು ಧ್ವಜಸ್ತಂಭದಂತೆ ನಿಂತಿರುತ್ತಿತ್ತು. ಇಲ್ಲಿ ಚಳಿ, ಕೈಗವಸು ಹಾಕಿದ್ದ. ಕೈ ನೋಡಬೇಕೆಂದರೆ ಒಳಗೇ ಹೋಗಬೇಕು.

ಇಲ್ಲಿನ ಪೊಲೀಸ್ ಅಧಿಕಾರಿಣಿಗೆ ಫೋನು ಮಾಡಿದೆ. ಎತ್ತರದ ಹೆಂಗಸು, ಮಾತೂ ಅಳೆದು ತೂಗಿ. ಮೊದಲ ದಿನವೇ ಅವರಿಗೆ ಅಳತೆಗೋಲು ಮೇಡಂ ಎಂದು ಮನಸ್ಸಿನಲ್ಲೇ ನಾಮಕರಣ ಮಾಡಿದ್ದೇನೆ. "ಇರಬಹುದು ಅನ್ನೋದು ಬೇಡ. ಹೌದು ಅನ್ನೋ ದಿನ ಬನ್ನಿ, ಸಹಿ ಹಾಕಿ. ಉಳಿದದ್ದು ನಮ್ಮ ಕೆಲಸ," ಎಂದರು.

ಮಾರ್ಚ್ ೮, ಶುಕ್ರವಾರ

ರೋಗಿಯ ನಾಟಕ ಆಡಬೇಕೆಂದು ನಿನ್ನೆಯೆಲ್ಲ ಸೊಂಟ ಹಿಡಿದುಕೊಂಡು ನಡೆಯುವ ಅಭ್ಯಾಸ ಮಾಡಿದ್ದೆ. ಬೆಳಿಗ್ಗೆ ಸೂಟ್‌ಕೇಸು ಬಂತು. ಮೂರು ಮಹಡಿ ಹೊತ್ತೆ. ಕೊನೆಯ ಮೆಟ್ಟಿಲಲ್ಲಿ ಬೆನ್ನು ಹಿಡಿದುಕೊಂಡಿತು. ಇಷ್ಟು ವರ್ಷ ಜೀಪಿನಲ್ಲಿ ಕುಲುಕಿದ ಬೆನ್ನು, ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ನಾಟಕದ ಖರ್ಚು ಉಳಿಯಿತು.

ಕೇಂದ್ರವೆಂದರೆ ಒಂದೇ ಕೋಣೆ, ರಸ್ತೆಗೆ ಷಟರು. ನಡುವೆ ಎತ್ತರದ ಮೇಜು, ಅದರ ತಲೆಕಡೆ ಮುಖ ಇಡಲು ಒಂದು ತೂತು. ಹದಿನೈದು ವರ್ಷದ ಬೇಟೆ ಕೊನೆಗೆ ಬಂದು ಮುಟ್ಟಿದ್ದೆಲ್ಲಿಗೆಂದರೆ, ನಾನು ಆ ತೂತಿನಲ್ಲಿ ಮುಖ ಹಾಕಿ ಬೋರಲಾಗಿ ಮಲಗಿದೆ, ನನಗೆ ಕಂಡದ್ದು ಶತ್ರುವಿನ ಕಾಲುಚೀಲ. ಒಂದರ ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟಿದೆ. ಕೈ ಮೇಲೆ ಎಲ್ಲೋ ಇದೆ, ಕಾಣುವುದಿಲ್ಲ.

"ನಮ್ಮ ಕಡೆಯವರಾ?" ಎಂದ, ನಮ್ಮ ಭಾಷೆಯಲ್ಲೇ. ಆ ದನಿ! "ಎಷ್ಟು ದಿನ ಆಯ್ತು ನಮ್ಮ ಮಾತು ಕೇಳಿ. ಉಸಿರು ಬಿಡಿ... ಇನ್ನೂ ಬಿಡಿ. ಭುಜ ಎಲ್ಲ ಕಲ್ಲಾಗಿದೆಯಲ್ಲ ಸಾರ್. ಯಾರ ಮೇಲೆ ಇಷ್ಟು ಸಿಟ್ಟು ಇಟ್ಕೊಂಡಿದ್ದೀರಿ?"

ನಿನ್ನ ಮೇಲೇ ಕಣೋ ಎನ್ನಬೇಕೆನಿಸಿತು. ಅಷ್ಟರಲ್ಲಿ ಕೈ ಇಟ್ಟ. ಎಲ್ಲ ಬೆರಳೂ ಒತ್ತುತ್ತವೆ, ಎಡಗಡೆಯ ಒಂದು ಮಾತ್ರ ಒತ್ತದೆ ಚರ್ಮದ ಮೇಲೆ ಕೋಲಿನಂತೆ ಜಾರುತ್ತದೆ. ಅವನೇ. ಅನುಮಾನವೇ ಇಲ್ಲ.

ಏಳುವಾಗ ಬೇಕೆಂದೇ ಮುಖಕ್ಕೆ ಮುಖ ಕೊಟ್ಟು ನಿಂತೆ. ಅವನಿಗೆ ಗುರುತು ಸಿಗಲಿಲ್ಲ, ಪಂಪು ಮಾರುವವನೆಂದದ್ದನ್ನು ನಂಬಿದ. ಟವೆಲ್ ಕೊಟ್ಟು, "ಮಂಗಳವಾರ ಬನ್ನಿ," ಎಂದ.

ಮಾರ್ಚ್ ೯, ಶನಿವಾರ

ಅಳತೆಗೋಲು ಮೇಡಂಗೆ ಹೇಳಿದೆ. "ಹಾಗಾದ್ರೆ ಇವತ್ತೇ ಬನ್ನಿ, ಸಹಿ ಹಾಕಿ," ಎಂದರು. ನಾನು ನೋಡಿದ್ದು ಬೆನ್ನಿನಿಂದ, ಕಣ್ಣಿನಿಂದಲ್ಲ. ನಾಳೆ ನ್ಯಾಯಾಲಯದಲ್ಲಿ ವಕೀಲ ನಗುತ್ತಾನೆ. ಇನ್ನೊಂದು ಸಲ ಹೋಗಿ ಬೆರಳನ್ನು ಕಣ್ಣಾರೆ ನೋಡಿಯೇ ಸಹಿ ಹಾಕುವುದು ಕ್ರಮ ಎಂದೆ. ಆಗಲಿ ಎಂದರು.

ಅಂದಹಾಗೆ, ನಿನ್ನೆ ಒಳ್ಳೆಯ ನಿದ್ದೆ ಬಂತು.

ಮಾರ್ಚ್ ೧೩, ಬುಧವಾರ

ನಿನ್ನೆ ಮತ್ತೆ ಹೋಗಿದ್ದೆ. ಬೆರಳನ್ನು ನೋಡಿದೆ. ಆದರೆ ಕೋಣೆಯಲ್ಲಿ ಬೆಳಕು ಸಾಲದು. ಅದೂ ಅಲ್ಲದೆ, ಬೆರಳು ಮಡಿಸಲು ಬಾರದವರು ಲೋಕದಲ್ಲಿ ಎಷ್ಟು ಜನ ಇಲ್ಲ.

ನನಗೆ ಉರಿಯುತ್ತಿರುವುದು ಬೇರೆ. ಈ ಮನುಷ್ಯನ ಮುಖವನ್ನು ನಾನು ದಿನವೂ ನೆನೆದಿದ್ದೇನೆ, ಗಡ್ಡ ಹೆರೆಯುವಾಗ, ಊಟ ಮಾಡುವಾಗ, ಹೆಂಡತಿ ಏನಾದರೂ ಹೇಳುತ್ತಿರುವಾಗ ಕೂಡ. ಅವನಿಗೆ ನನ್ನ ನೆನಪೇ ಇಲ್ಲವೆಂದರೆ ಏನರ್ಥ? ನನ್ನ ಏಟಿಗೆ ಅವನ ಒಂದು ಹಲ್ಲು ಅಲುಗಾಡಿತ್ತು.

"ಈ ಮುಖ ಎಲ್ಲಾದ್ರೂ ನೋಡಿದ ಹಾಗಿದೆಯಾ?" ಎಂದು ಕೇಳಿಯೇಬಿಟ್ಟೆ.

ತಲೆ ಓರೆ ಮಾಡಿ ನೋಡಿದ. "ಪಂಪಿನ ಜಾಹೀರಾತಲ್ಲೇನಾದ್ರೂ ಬಂದಿದ್ರಾ ಸಾರ್?"

ತನಿಖಾಧಿಕಾರಿ ಕೇಳಬಾರದ ಪ್ರಶ್ನೆ ಅದು, ಗೊತ್ತು. ಇವತ್ತು ಬೆಳಿಗ್ಗೆ ಬಗ್ಗಿ ನಾನೇ ಶೂ ಲೇಸು ಕಟ್ಟಿಕೊಂಡೆ. ಎಷ್ಟೋ ವರ್ಷದ ಮೇಲೆ.

ಮಾರ್ಚ್ ೧೫, ಶುಕ್ರವಾರ

ಬೆನ್ನು ಚೆನ್ನಾಗಿದೆ. ತನಿಖೆ ಪ್ರಗತಿಯಲ್ಲಿದೆ.

ಮಾರ್ಚ್ ೧೯, ಮಂಗಳವಾರ

ಸಾಹೇಬರ ಫೋನು. "ಏನಯ್ಯ, ಅಲ್ಲೇ ಮನೆ ಮಾಡಿದ್ಯಾ? ಒಂದು ಸಹಿಗೆ ಇಷ್ಟು ದಿನ ಬೇಕಾ?" ಆತುರದಲ್ಲಿ ಸಹಿ ಹಾಕಿ ತಪ್ಪು ಮನುಷ್ಯನನ್ನು ಹಿಡಿದರೆ ಇಲಾಖೆಯ ಮಾನ ಏನಾಗಬೇಕು ಎಂದೆ. ಮಾನ ಎಂದರೆ ಸಾಹೇಬರು ಸುಮ್ಮನಾಗುತ್ತಾರೆ, ಅವರಿಗೆ ಬಡ್ತಿ ಹತ್ತಿರವಿದೆ.

ಅಣ್ಣನೂ ಮಾಡಿದ್ದ. "ಸಿಕ್ಕಿದ್ನಾ?"

"ಇನ್ನೂ ಖಚಿತ ಆಗಿಲ್ಲಣ್ಣ."

"ನಿಧಾನವಾಗೇ ಮಾಡು. ನಿನ್ನ ದನಿ ಚೆನ್ನಾಗಿದೆ ಕಣೋ. ಸರಿಯಾಗಿ ನಿದ್ದೆ ಬರ್ತಿದೆಯಾ?"

ಬರುತ್ತಿದೆ ಎಂದೆ. ಯಾಕೋ ಬೇಗ ಫೋನು ಇಟ್ಟುಬಿಟ್ಟೆ.

ಸಂಜೆ ನೆಲಮಾಳಿಗೆಯ ಪಂಪು. ತಪ್ಪಿಸಿಕೊಳ್ಳಲು ಇನ್ನು ನೆಪ ಉಳಿದಿರಲಿಲ್ಲ. ಪಂಪಿನ ಸುತ್ತ ಎರಡು ಸುತ್ತು ಬಂದು, "ಇದು ಹಳೇ ಮಾದರಿ," ಎಂದು ಗಂಭೀರವಾಗಿ ಹೇಳಿ, ಒದ್ದೆ. ಅದು ಹೊರಟಿತು! ಅಜ್ಜಿ ಖುಷಿಯಲ್ಲಿ ಮೆಟ್ಟಿಲು ಹತ್ತಲು ಹೋಗಿ ಮಂಡಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಬ್ರೇಕು ಒತ್ತಿ ಒತ್ತಿ ಸವೆದ ಮಂಡಿ. ನೋಡಲಾಗಲಿಲ್ಲ.

"ಅಜ್ಜಿ, ನನಗೆ ಗೊತ್ತಿರೋರು ಒಬ್ರಿದ್ದಾರೆ. ಒಳ್ಳೇ ಕೈಗುಣ. ನಾಳೇನೇ ಹೋಗಿ, ನನ್ನ ಹೆಸರು ಹೇಳಿ," ಎಂದೆ. ಬರಿಯ ಬೆನ್ನು ತಿಕ್ಕುವವನು, ಮಂಡಿ ತಿಕ್ಕಿದರೆ ಏನು ನಷ್ಟ.

ಮಾರ್ಚ್ ೨೨, ಶುಕ್ರವಾರ

ಅಜ್ಜಿ ಎರಡು ಸಲ ಹೋಗಿ ಬಂದಳು. "ಚಿನ್ನದಂಥ ಮನುಷ್ಯ ಕಣಯ್ಯ!" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಾಳೆ. ನನ್ನ ಮಂಗಳವಾರ ಬೆಳಗಿನ ಸಮಯವನ್ನೂ ಅವಳೇ ಕಿತ್ತುಕೊಂಡಿದ್ದಾಳೆ. ಅವನು ನನ್ನನ್ನು ಕೇಳಬಹುದಿತ್ತು. ಮೊದಲ ಗಿರಾಕಿ ನಾನು.

ಇವತ್ತು ಮೇಜಿನ ತೂತಿನಿಂದ ನೆಲದ ಮೇಲೆ ಒಂದು ಸಣ್ಣ ರಬ್ಬರ್ ಮುಚ್ಚಳ ಕಂಡಿತು, ಔಷಧಿ ಸೀಸೆಗೆ ಇರುತ್ತದಲ್ಲ, ಸೂಜಿ ಚುಚ್ಚಿ ಎಳೆಯುವಂಥದ್ದು. ಸ್ಪಿರಿಟ್ಟಿನ ವಾಸನೆಯೂ ಇತ್ತು. ಕೈ ಒರೆಸಿಕೊಳ್ಳಲು ಇಟ್ಟುಕೊಂಡಿರಬಹುದು. ಮುಚ್ಚಳ ಹಿಂದಿನ ಬಾಡಿಗೆದಾರರದ್ದೂ ಆಗಿರಬಹುದು, ಆ ಕೋಣೆ ಗುಡಿಸಿ ಎಷ್ಟು ಕಾಲವಾಯಿತೋ. ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಸೊಂಟದ ಹತ್ತಿರ ಒಂದು ಗಂಟು ಬಿಡಿಸಿದ, ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಸೋಮವಾರ, ತಪ್ಪಿದರೆ ಬುಧವಾರ ಸಹಿ ಹಾಕಿಬಿಡುವುದು.

ಮಾರ್ಚ್ ೨೬, ಮಂಗಳವಾರ

ಆದಷ್ಟು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆ. ಅಜ್ಜಿ ಬಾಗಿಲ ಹೊರಗೆ ನಿಂತು ಕೂಗಿದಳು. "ಏ ಪಂಪು! ನಾನು ನಿನ್ನ ಡಾಕ್ಟರ್ ಹತ್ರ ಹೊರಟೆ. ಇವತ್ತು ಮಂಡಿಗೆ ಸೂಜಿ ಹಾಕ್ತಾರಂತೆ. ಒಂದೇ ಸೂಜಿಗೆ ವಾಸಿಯಂತೆ!"

"ಆಗಲಿ ಅಜ್ಜಿ, ನಿಧಾನವಾಗಿ ಹೋಗಿ ಬನ್ನಿ," ಎಂದೆ. ಎಂದು, ಬೆನ್ನಿಗೆ ಬಿಸಿನೀರು ಬಿಟ್ಟುಕೊಂಡು ನಿಂತೆ. ಹಾಡು ಬೇರೆ ಗುನುಗುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ದೇವರಿಗೇ ಗೊತ್ತು. ಆಮೇಲೆ ಅವಳು ಹೇಳಿದ್ದು ಕಿವಿಯಿಂದ ತಲೆಗೆ ಹೋಯಿತು.

ಪ್ಯಾಂಟು ಏರಿಸಿಕೊಂಡವನೇ ಓಡಿದೆ. ಅಂಗಿಯಿಲ್ಲ, ಚಪ್ಪಲಿಯಿಲ್ಲ, ತಲೆಯ ತುಂಬ ಸೋಪಿನ ನೊರೆ. ಇಂಥ ಚಳಿಯಲ್ಲಿ ಅಂಥ ಅವತಾರವನ್ನು ಈ ಊರು ಕಂಡಿರಲಿಕ್ಕಿಲ್ಲ. ಮೂರು ಮಹಡಿ ಇಳಿದು ಎರಡು ರಸ್ತೆ ಓಡಿದೆ, ಬೆನ್ನು ಒಮ್ಮೆಯೂ ಮಾತಾಡಲಿಲ್ಲ. ಹಾಗೆ ಓಡುವ ಬೆನ್ನು ಕೊಟ್ಟವನು ಯಾರೆಂದು ನನಗೆ ಗೊತ್ತು.

ಅವನು ಹೊರಗೆ ನಿಂತು ಷಟರು ಎಳೆಯುತ್ತಿದ್ದ. ಕೈಯಲ್ಲಿ ಚೀಲ. ನನ್ನನ್ನು ನೋಡಿ ನಕ್ಕ.

"ಓ ಸಾರ್! ಏನಿದು ಅವಸ್ಥೆ? ಅಜ್ಜಿ ಒಳಗೆ ಮಲಗಿದ್ದಾರೆ, ಎಬ್ಬಿಸ್ಬೇಡಿ. ಈಗ ಬಂದೆ."

ಇದೇ ಮಾತು. ಅಂದು ಬೆಂಚಿನ ಮೇಲೆ ಕೂತಿದ್ದ ಅಣ್ಣನಿಗೆ ಹೇಳಿದ್ದೂ ಇದೇ ಮಾತು, ಇದೇ ನಗು. ಮಲಗಿದ್ದಾರೆ, ಎಬ್ಬಿಸಬೇಡಿ. ಅಣ್ಣ ಹೇಳಿದ ಮಾತು ಕೇಳುವ ಮನುಷ್ಯ. ಎಬ್ಬಿಸಲಿಲ್ಲ. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದ.

ಅವನ ಕೊರಳಪಟ್ಟಿ ಹಿಡಿದು ಒಳಗೆ ನೂಕಿದೆ. ಒಗೆಯುವ ಅಂಗಡಿಯವನು ಬಾಗಿಲಿಗೆ ಬಂದು ಬಾಯಿಬಿಟ್ಟುಕೊಂಡು ನಿಂತಿದ್ದ. "ಆಂಬುಲೆನ್ಸ್ ಕರಿ! ಪೊಲೀಸ್ನೂ ಕರಿ!" ಎಂದು ಅರಚಿ, ನಾನೂ ಒಳಹೊಕ್ಕು ಷಟರು ಕೆಳಗೆಳೆದು ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಅಜ್ಜಿ ಮೇಜಿನ ಮೇಲಿದ್ದಳು. ತುಟಿ ಊದಿ, ಮುಖ ನೀಲಿಗಟ್ಟಿ, ಉಸಿರು ಸೀಟಿಯಂತೆ ಬರುತ್ತಿತ್ತು. ಆ ಗಂಟಲಿನಲ್ಲಿ ಅಷ್ಟು ಸಣ್ಣ ಸದ್ದು!

"ಏನು ಚುಚ್ಚಿದೆ?"

"ಸಾರ್, ಅದು ಸುಮ್ನೆ ನೋವಿಗೆ..."

"ಏನು ಚುಚ್ಚಿದೆ ಅಂದ್ರೆ ಸೀಸೆ ಕೊಡೋ!"

ಹದಿನೈದು ವರ್ಷ ಈ ಗಳಿಗೆಗೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ನಾನು ಯಾರು ಗೊತ್ತೇನೋ ಎಂದು ಶುರುವಾಗಬೇಕಿತ್ತು. ಒಂದೂ ಬಾಯಿಗೆ ಬರಲಿಲ್ಲ. ಬೇಕಾಗಿದ್ದದ್ದು ಸೀಸೆ. ಚೀಲದಿಂದ ತೆಗೆದುಕೊಟ್ಟ. ಅಜ್ಜಿಯನ್ನು ಎತ್ತಿ ಕೂರಿಸಿ ಎದೆಗೆ ಒರಗಿಸಿಕೊಂಡೆ. "ಅಜ್ಜೀ, ಮಲಗಬೇಡಿ. ಬೈಯಿರಿ ನನ್ನ. ಬೈಯಿರಿ!" ಎಂದು ಕಿವಿಯ ಹತ್ತಿರ ಕೂಗುತ್ತಲೇ ಇದ್ದೆ. ನಾನು ಅಳುತ್ತಿದ್ದೆನಂತೆ. ಅದು ಸೋಪು ಕಣ್ಣಿಗೆ ಹೋದದ್ದು ಎಂದು ಅಳತೆಗೋಲು ಮೇಡಂಗೆ ಹೇಳಿದ್ದೇನೆ. ಅವರು ಒಪ್ಪಿಕೊಂಡ ಹಾಗೆ ಕಾಣಲಿಲ್ಲ.

ಆಂಬುಲೆನ್ಸಿನವರು ಸೀಸೆಯ ಹೆಸರು ನೋಡಿ ಅಲ್ಲೇ ತೊಡೆಗೆ ಏನೋ ಚುಚ್ಚಿದರು. ಅಜ್ಜಿಯ ಉಸಿರು ತಿರುಗಿತು. ಸ್ಟ್ರೆಚರಿನ ಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಅಂಗಿ ಎಲ್ಲಯ್ಯ?" ಎಂದಳು.

ಅವನು ಮೂಲೆಯ ಕುರ್ಚಿಯಲ್ಲಿ ಕೂತಿದ್ದ, ಸರದಿಗೆ ಕಾದಿರುವ ರೋಗಿಯ ಹಾಗೆ. ಪೊಲೀಸರು ಬಂದು ಕರೆದುಕೊಂಡು ಹೋದರು.

ಅವಳನ್ನು ಅಲ್ಲಿಗೆ ಕಳಿಸಿದವನು ನಾನು. ಬೇರೆ ಯಾರೂ ಅಲ್ಲ.

ಮಾರ್ಚ್ ೨೭, ಬುಧವಾರ

ಠಾಣೆ. ಒಂದೇ ಥರದ ಗಡ್ಡದ ಮುದುಕರನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲಿಂದ ಹುಡುಕಿ ತಂದರೋ. ತೋರಿಸಿದೆ. ಸಹಿ ಹಾಕಿದೆ. ಹಾಕಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ಒಂದು ಪ್ರಶ್ನೆ ಕೇಳಬೇಕು ಎಂದು ಬೇಡಿಕೊಂಡೆ. "ಒಂದೇ," ಎಂದರು ಅಳತೆಗೋಲು ಮೇಡಂ. ಅವನೆದುರು ಕೂತೆ. ನಾನು ಯಾರೆಂದು ಆಗಲೇ ಅವನಿಗೆ ತಿಳಿಸಿದ್ದರು. ಆಗಲೂ ಗುರುತು ಹತ್ತಿರಲಿಲ್ಲ.

"ಬೆನ್ನು ಹೇಗಿದೆ ಸಾರ್?" ಎಂದ.

"ಪರವಾಗಿಲ್ಲ," ಎಂದೆ. ಬಾಯಿಗೆ ಮೊದಲು ಬಂದದ್ದು ಅದೇ. ನಾಲಿಗೆ ಕಚ್ಚಿಕೊಂಡು, ಆಮೇಲೆ ಕೇಳಿದೆ. ಹದಿನೈದು ವರ್ಷದ ಹಿಂದೆ, ಜ್ವರಕ್ಕೆಂದು ಬಂದವಳು, ಹೊರಗೆ ಬೆಂಚಿನ ಮೇಲೆ ಗಂಡ. ಒಳಗೆ ಅವಳು ಏನಂದಳು?

ತುಂಬ ಹೊತ್ತು ಯೋಚಿಸಿದ. ಇಷ್ಟು ಜನರಲ್ಲಿ ಯಾರೋ ಎಂದು ಹುಡುಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಏನಾದರೂ ಕಟ್ಟಿ ಹೇಳುತ್ತಾನೆ, ಗಂಡನ ಹೆಸರು ಹೇಳಿದರು ಅನ್ನುತ್ತಾನೆ ಎಂದುಕೊಂಡಿದ್ದೆ.

"ಓ. ಅವರಾ," ಎಂದ. "ಕೈ ತೊಳ್ಕೊಂಡ್ರಾ ಅಂತ ಕೇಳಿದ್ರು. ಸೂಜಿ ಎತ್ಕೊಂಡಾಗ. ಅಷ್ಟು ಜನಕ್ಕೆ ಚುಚ್ಚಿದ್ದೀನಿ ಸಾರ್, ಹಾಗೆ ಕೇಳಿದವರು ಅವರೊಬ್ಬರೇ."

"ತೊಳ್ಕೊಂಡಿದ್ಯಾ?"

ಅವನು ಮೇಜು ನೋಡಿದ. ಅದು ಎರಡನೇ ಪ್ರಶ್ನೆಯಾಯಿತು. ಮೇಡಂ ಏನೂ ಅನ್ನಲಿಲ್ಲ.

ಮಾರ್ಚ್ ೨೮, ಗುರುವಾರ

ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ನಾನು ಪೊಲೀಸು, ಅವನು ಯಾರೆಂದು ನನಗೆ ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೆ. ಅವಳು ಹಾರ್ನ್ ಹೊಡೆಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನಾಳೆಯೂ ಹೋಗುತ್ತೇನೆ.

ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿದೆ. ಸಿಕ್ಕಿದ ಎಂದೆ. ಅವನು ಸಿಕ್ಕಿದ್ದರ ಬಗ್ಗೆ ಏನೂ ಕೇಳಲಿಲ್ಲ.

"ಕೇಳಿದ್ಯಾ?"

"ಕೇಳಿದೆ. ಕೈ ತೊಳ್ಕೊಂಡ್ರಾ ಅಂದ್ಲಂತೆ. ಅವನಿಗೆ."

ಆ ಕಡೆಯಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ. ಅಲ್ಲ, ಅಣ್ಣ ನಗುತ್ತಿದ್ದ. ನಗದೆ ಏನು ಮಾಡುತ್ತಾನೆ? ಊಟಕ್ಕೆ ಬಂದ ಬೀಗರನ್ನೇ ಕೈ ತೊಳೆಯಲಿಲ್ಲವೆಂದು ಎಬ್ಬಿಸಿ ಕಳಿಸಿದವಳು ನಮ್ಮ ಅತ್ತಿಗೆ. ಇಬ್ಬರೂ ನಕ್ಕೆವು, ಬಹಳ ಹೊತ್ತು. ಅವಳು ಹೋದಮೇಲೆ ಅಣ್ಣ ನಕ್ಕದ್ದು ನಾನು ಕೇಳಿರಲಿಲ್ಲ.

ಆಮೇಲೆ ಅಣ್ಣ ಕೇಳಿದ, "ಬೇರೆ ಏನೂ ಅನ್ಲಿಲ್ವಾ? ನನ್ನ ಬಗ್ಗೆ?"

"ಇಲ್ಲಣ್ಣ. ಯಾಕೆ?"

"ಅವತ್ತು ಒಳಗೆ ಹೋಗಲ್ಲ ಅಂದಿದ್ಲು ಕಣೋ. ಈ ಜಾಗ ಗಲೀಜಾಗಿದೆ, ಬೇರೆ ಕಡೆ ಹೋಗೋಣ ಅಂದ್ಲು. ನಾನೇ ಹೊತ್ತಾಯ್ತು ಅಂತ ಗದರಿ ಕಳಿಸಿದೆ. ಒಳಗೆ ಹೋಗಿ ನನ್ನ ಬೈಕೊಂಡ್ಳೇನೋ ಅಂತ ಇಷ್ಟು ವರ್ಷ..."



"ನಿನ್ನ ಬೈಲಿಲ್ಲಣ್ಣ. ಅವನನ್ನೇ ಬೈದಳು."

"ಹೌದಾ?"

"ಹೌದು."

"ಹಾಗಾದ್ರೆ ಸರಿ," ಎಂದ ಅಣ್ಣ. ಆಮೇಲೆ, ಊಟ ಮಾಡುತ್ತೇನೆ ಎಂದು ಫೋನು ಇಟ್ಟ.